ಡೆನ್ಮಾರ್ಕಿನ ಅರಳಿ ಎಲೆ

ಕತ್ತರಿ ಕೈಗೆ ಬಂದರೆ ನಮ್ಮ ಕ್ರಾಫ್ಟ್ ಅಕ್ಕೋರ ಕೆಳದುಟಿ ಹಲ್ಲಿನ ನಡುವೆ ಸೇರಿಕೊಳ್ಳುತ್ತಿತ್ತು. ಕತ್ತರಿಸಿ ಮುಗಿಯುವವರೆಗೂ ಬಿಡುತ್ತಿರಲಿಲ್ಲ. ಪಾಠ ಮುಗಿದ ಮೇಲೆ ಆ ತುಟಿಯ ಮೇಲೆ ಹಲ್ಲಿನ ಗುರುತು ಬಿಳಿಯಾಗಿ ಉಳಿದಿರುತ್ತಿತ್ತು.

ಹಳಿಯಾಳದ ನಮ್ಮ ಶಾಲೆಯಲ್ಲಿ ಹೆಣ್ಣು ಮಾಸ್ತರರಿಗೆಲ್ಲ ನಾವು ಅಕ್ಕೋರು ಎನ್ನುತ್ತಿದ್ದೆವು. ಈ ಕ್ರಾಫ್ಟ್ ಅಕ್ಕೋರು ಮುಂಡಗೋಡದವರು. ಇವರು ಹುಡುಗಿಯಾಗಿದ್ದಾಗ ಅಲ್ಲಿಗೆ ಬಂದಿದ್ದ ಡೆನ್ಮಾರ್ಕಿನ ನರ್ಸಮ್ಮನೊಬ್ಬಳು ಇವರಿಗೆ ಕಾಗದದ ಕೆಲಸ ಕಲಿಸಿದ್ದಳಂತೆ. ಆ ದೇಶದಲ್ಲಿ ಕ್ರಿಸ್‌ಮಸ್ ಬಂದರೆ ಮಕ್ಕಳು ಕೆಂಪು, ಬಿಳಿ ಹಾಳೆ ಹೆಣೆದು ಹೃದಯದ ಆಕಾರದ ಚೀಲ ಮಾಡಿ, ಒಳಗೆ ಸಿಹಿ ತುಂಬಿ ಗಿಡಕ್ಕೆ ನೇತು ಹಾಕುತ್ತಾರಂತೆ. ಅಕ್ಕೋರು ಅದನ್ನು ನಮ್ಮ ಸಂಕ್ರಾಂತಿಗೆ ತಂದರು. ಆ ಸಿಹಿಯ ಜಾಗದಲ್ಲಿ ಸಕ್ಕರೆ ಪಾಕ ಸುತ್ತಿದ ಬಣ್ಣಬಣ್ಣದ ಕುಸುರೆಳ್ಳು. ಹೃದಯ ಎಂದರೆ ದೊಡ್ಡ ಹುಡುಗರು ಕಿಸಕ್ಕನೆ ನಗುತ್ತಾರೆಂದು ಅದರ ಹೆಸರನ್ನೂ ಬದಲಿಸಿದ್ದರು. "ಲವ್ವೂ ಇಲ್ಲ, ಗಿವ್ವೂ ಇಲ್ಲ. ಇದು ಡೆನ್ಮಾರ್ಕಿನ ಅರಳಿ ಎಲಿ!"

ಮಡಚಿದ ಎರಡು ಹಾಳೆಗಳನ್ನು ಸೀಳಿ, ಒಂದರ ಪಟ್ಟಿಯನ್ನು ಇನ್ನೊಂದರ ಹೊಟ್ಟೆಯೊಳಗೆ ತೂರಿಸಬೇಕು. ನಮ್ಮ ಗಾಳಿಪಟದ ಕಾಗದ ಹರಿದುಹೋಗುತ್ತಿತ್ತು. "ಎಳೀಬ್ಯಾಡ್ರಿ, ದಾರಿ ಕೊಡ್ರಿ" ಎಂದು ಅವರು ಬೆಂಚಿನಿಂದ ಬೆಂಚಿಗೆ ಓಡಾಡುತ್ತಿದ್ದರು. ಒಂದು ದಿನ ನಿಟ್ಟುಸಿರು ಬಿಟ್ಟು, "ಗಟ್ಟಿ ಹಾಳಿ ಇದ್ರ ಭಾಳ ಚಂದ ಆಗ್ತಿತ್ತು ನೋಡ್ರಿ. ಯಾರ ಮನ್ಯಾಗರ ಐತೇನು?" ಎಂದರು.

ನಾನು ಕೈ ಎತ್ತಿದೆ. ನಮ್ಮಪ್ಪ ಪೇಟೆಯ ಸಣ್ಣ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಕೆಲಸಕ್ಕಿದ್ದ. ಆ ವಾರವೇ ಅಪ್ಪ ಅಂಗಿಯೊಳಗಿಂದ ಕೆಂಪು ಹಾಳೆಗಳ ಕಟ್ಟು ತೆಗೆದುಕೊಟ್ಟ. ತುಂಡುಗಳಲ್ಲ, ಇಡೀ ಹಾಳೆಗಳು. ಬೆಳಕಿಗೆ ಹಿಡಿದರೆ ಚಿನ್ನದ ಎಳೆ ಮಿನುಗುತ್ತಿತ್ತು. ಅಕ್ಕೋರು ಅವನ್ನು ಕೆನ್ನೆಗೆ ಒತ್ತಿಕೊಂಡು ನಕ್ಕರು.

ಸಂಕ್ರಾಂತಿಯ ದಿನ ಶಾಲೆಯಲ್ಲಿ ಪ್ರದರ್ಶನ. ದಾರದುದ್ದಕ್ಕೂ ನಮ್ಮ ಅರಳಿ ಎಲೆಗಳು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಿಟಕಿಯ ಬಳಿ ನಿಂತಿದ್ದ. ಊರ ಹಿರಿಯರ ಜೊತೆ ಪ್ರೆಸ್ಸಿನ ಸಾವಕಾರರೂ ಬಂದರು. ನಾನು ಹೆಣೆದದ್ದನ್ನೇ ದಾರದಿಂದ ಬಿಡಿಸಿಕೊಂಡು ಬೆರಳಲ್ಲಿ ತಿಕ್ಕಿ ನೋಡಿದರು.

"ಈ ಹಾಳಿ ಎಲ್ಲಿಂದ ಬಂತ್ರಿ? ಮದುವಿ ಕಾರ್ಡಿಗಂತ ಹುಬ್ಬಳ್ಳಿಯಿಂದ ತರಿಸಿದ್ದೆ. ಕಡಿಮಿ ಬಿತ್ತಂತ ಮದುವಿ ಮನಿಯವರ ಕಡೆ ಬೈಸಿಕೊಂಡೇನಿ."

ಅಕ್ಕೋರ ಮುಖ ಬಿಳಿಚಿತು. "ನಾನ ಕೇಳಿ ತರಿಸಿದ್ದು ರೀ. ತಪ್ಪು ನಂದ."

"ಯಾರ ಕಡೆಯಿಂದ ತರಿಸಿದ್ರಿ?"

ಅವರ ಕೆಳದುಟಿ ಹಲ್ಲಿನ ನಡುವೆ ಸೇರಿಕೊಂಡಿತು. ಅಪ್ಪನೇ ಮುಂದೆ ಬಂದ. "ನಿಮಗ ಹೇಳದ ಕೇಳದ ನಾನ ತಂದೇನ್ರಿ, ಸಾವಕಾರ್ರ."

ಸಾವಕಾರರು ಕೂಗಾಡಲಿಲ್ಲ. ಅದನ್ನು ಮತ್ತೆ ದಾರಕ್ಕೆ ಸಿಕ್ಕಿಸಿ, "ನಾಳಿಂದ ಬರಬ್ಯಾಡ" ಎಂದಷ್ಟೇ ಹೇಳಿ ಹೊರಟರು. ಎಲ್ಲರ ಕಣ್ಣು ಅಪ್ಪನಿಂದ ನನ್ನ ಮೇಲೆ ಹೊರಳಿತು. ಮುಷ್ಟಿಯೊಳಗಿನ ಕುಸುರೆಳ್ಳು ಬೆವರಿಗೆ ಕರಗಿ ಅಂಗೈಗೆಲ್ಲ ಬಣ್ಣ ಹತ್ತಿತ್ತು.

ಮಾರನೆಯ ದಿನದಿಂದ ನಾನು ಶಾಲೆಗೆ ಹೋಗಲಿಲ್ಲ. ನೀರು ತರಲು ನಳದ ಕಡೆ ಹೋದರೂ ಯಾರೋ ಹಿಂದಿನಿಂದ "ಹಾಳಿ ಕಳ್ಳನ ಮಗಳು" ಎಂದಂತಾಗುತ್ತಿತ್ತು. ಅಪ್ಪ ಎದುರಿಗೆ ಬಂದರೆ ಗೋಡೆಯ ಕಡೆ ತಿರುಗುತ್ತಿದ್ದೆ. ಅಪ್ಪನೂ ನನ್ನನ್ನು ಮಾತಾಡಿಸುವ ಧೈರ್ಯ ಮಾಡಲಿಲ್ಲ.

ಒಂದು ಸಂಜೆ ಅಕ್ಕೋರು ಮನೆಗೆ ಬಂದರು. ಅವ್ವ ಹಾಸಿದ ಚಾಪೆಯ ಮೇಲೆ ಕೂಡದೆ ಅಪ್ಪನಿಗೆ ಕೈ ಮುಗಿದರು. "ಆಸೆ ಹಚ್ಚಿದಾಕಿ ನಾನು. ನಿಮಗ ಮಾರಿ ತೋರಸಾಕ ಇಷ್ಟು ದಿನ ಧೈರ್ಯ ಆಗಲಿಲ್ರಿ."

ಅಪ್ಪ ಗಾಬರಿಯಾಗಿ ಎದ್ದು ನಿಂತ. "ಅಕ್ಕೋರ, ನೀವು ಹಾಳಿ ಕೇಳಿದ್ರಿ. ಕದಕೊಂಡು ಬಾ ಅಂದಿರೇನು?"

ಆಮೇಲೆ ಅವರು ನನ್ನ ಕಡೆ ತಿರುಗಿದರು. "ನಿಮ್ಮಪ್ಪ ಮಾಡಿದ್ದು ಖರೇನ ತಪ್ಪು. ಇಲ್ಲ ಅಂತ ನಾ ಸುಳ್ಳು ಹೇಳೂದಿಲ್ಲ. ಆದ್ರ ಅಷ್ಟು ಜನರ ಮುಂದ ಹೌದು ಅಂದ್ರಲ್ಲ, ಅದನ್ನೂ ನೋಡು."

ಚೀಲದಿಂದ ಹಳೆಯ ಕ್ಯಾಲೆಂಡರಿನ ಹಾಳೆ ತೆಗೆದು ಕತ್ತರಿಸಿ, ಒಂದು ಪಾಲು ನನ್ನ ಕೈಗೆ, ಒಂದು ಪಾಲು ಅಪ್ಪನ ಕೈಗೆ ಕೊಟ್ಟು ಎದುರುಬದುರು ಕೂಡಿಸಿದರು. ಅಪ್ಪ ತೂರಿಸುವ ಬದಲು ಎಳೆದ. ಪಟ್ಟಿ ಇನ್ನೇನು ಹರಿಯುವುದರಲ್ಲಿತ್ತು. "ಅಪ್ಪಾ, ಸಾವಕಾಶ" ಎಂದುಬಿಟ್ಟೆ. ಅಪ್ಪ ತಲೆ ಎತ್ತದೆ ಹೂಂ ಎಂದ. ಅವನ ಗಲ್ಲದಿಂದ ನೀರು ಕಾಗದದ ಮೇಲೆ ಬಿತ್ತು.

ಅಕ್ಕೋರೇ ಕೈ ಹಿಡಿದು ನನ್ನನ್ನು ಮತ್ತೆ ಶಾಲೆಗೆ ಕರೆದೊಯ್ದರು. ಅಂದಿನಿಂದ ಯಾವ ಮಗುವಿಗೂ ಅವರು ಮನೆಯಿಂದ ಒಂದು ಚೂರು ಕಾಗದ ತರಲು ಹೇಳಲಿಲ್ಲ. ಬೇಕಾದದ್ದನ್ನೆಲ್ಲ ತಾವೇ ಹೊತ್ತು ತರುತ್ತಿದ್ದರು.

ಆ ವರ್ಷದ ಪರೀಕ್ಷೆ ಮುಗಿಯುತ್ತಲೇ ನಾವು ದಾಂಡೇಲಿಗೆ ಬಂದೆವು. ಅಪ್ಪನಿಗೆ ಕಟ್ಟಿಗೆ ಕೊಯ್ಯುವ ಮಿಲ್ಲಿನಲ್ಲಿ ಕೆಲಸ ಸಿಕ್ಕಿತು. ಆಮೇಲೆ ಎಷ್ಟೋ ವರ್ಷ ಅವನು ಹಳಿಯಾಳದಲ್ಲಿ ಕಾಲಿಡಲಿಲ್ಲ. ನೆಂಟರ ಮದುವೆಗಳಿಗೆ ಅವ್ವನೊಬ್ಬಳೇ ಹೋಗಿಬರುತ್ತಿದ್ದಳು. ಧಾರವಾಡಕ್ಕೆ ಹೋಗುವಾಗ ಬಸ್ಸು ಆ ಊರು ದಾಟುವವರೆಗೂ ಅಪ್ಪ ತನ್ನ ಕಾಲುಗಳನ್ನೇ ನೋಡುತ್ತ ಕೂತಿರುತ್ತಿದ್ದ.

ನನ್ನ ಓದು ಮುಗಿದು ಕೆಲವು ವರ್ಷವಾದ ಮೇಲೆ ಅಕ್ಕೋರು ತೀರಿಕೊಂಡ ಸುದ್ದಿ ಬಂತು. ನಾನು ಹೊರಡುವಷ್ಟರಲ್ಲಿ ಅಪ್ಪ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದ. ಹಳಿಯಾಳದಲ್ಲಿ ಇಳಿದಾಗ, ಹಿಂದಿನ ಓಣಿಯಿಂದಲೇ ಹೋಗೋಣ ಎಂದು ಹೇಳಬೇಕೆಂದಿದ್ದೆ. ಅವನಾಗಲೇ ಪೇಟೆಯ ದಾರಿ ಹಿಡಿದಿದ್ದ.

ಪ್ರೆಸ್ಸಿನ ಮುಂದೆ ಸಾವಕಾರರು ಕುರ್ಚಿ ಹಾಕಿಕೊಂಡು ಕೂತಿದ್ದರು. ತುಂಬ ಇಳಿದುಹೋಗಿದ್ದರು. ಕನ್ನಡಕ ಸರಿಪಡಿಸಿಕೊಂಡು ನೋಡಿದರು. ಅಪ್ಪ ನಿಂತು ಕೈ ಮುಗಿದ.

"ಅಕ್ಕೋರು ಹೋದ್ರಂತ್ರಿ. ಮಣ್ಣಿಗೆ ಬಂದೇವ್ರಿ."

ಸಾವಕಾರರು ಕುರ್ಚಿಯ ಕೈ ಹಿಡಿದು ಎದ್ದರು. ಆಮೇಲೆ ಕಾಲಿನಿಂದ ಚಪ್ಪಲಿ ತಡಕುತ್ತ, "ತಡಿ, ನಾನೂ ಬರ್ತೇನಿ" ಎಂದರು.

ಇಬ್ಬರೂ ಜೊತೆಯಾಗಿ ಮುಂದೆ ನಡೆದರು. ಅಂಗಡಿಗಳಿಂದ ಜನ ಇಣುಕಿ ನೋಡುತ್ತಿದ್ದರು. ನೋಡಿದರೆ ನೋಡಲಿ ಎಂದುಕೊಂಡೇ ಹಿಂದೆ ಹೋದೆ. ಆದರೂ ನನ್ನ ಮುಖ ಬಿಸಿಯಾಗಿತ್ತು.