ಎಡಗಾಲು ಮುಟ್ಟಬೇಡ

ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ನಮ್ಮ ಅತ್ತೆಗೆ ಹಲ್ಲಿ ಲೊಚಗುಟ್ಟಿದರೂ ಒಂದು ಅರ್ಥ, ಕಣ್ಣು ಅದುರಿದರೂ ಒಂದು ಅರ್ಥ. ಸುಮ್ಮನಿರುವ ಸ್ವಭಾವ ನನ್ನದಲ್ಲ. ಹಲ್ಲಿಗೆ ಹಸಿವಾಗಿರುತ್ತೆ ಬಿಡಿ ಅತ್ತೆ ಎಂದು ಹೇಳಿ ಬೈಸಿಕೊಂಡವಳು ನಾನು. ಇನ್ನು ನಾನು ನರ್ಸಾಗಿದ್ದ ಆಸ್ಪತ್ರೆಯಲ್ಲಂತೂ, ಆಪರೇಷನ್ನಿನ ಮಂಪರು ಇಳಿಯುವಾಗ ಸತ್ತ ತಾಯಿ ಬಂದು ಮಂಚದ ಪಕ್ಕ ಕೂತಿದ್ದಳು ಎಂದವರನ್ನು ನೋಡಿದ್ದೇನೆ, ಗೋಡೆಯ ಮೇಲೆ ಎಮ್ಮೆ ಓಡಾಡುತ್ತಿದೆ ಓಡಿಸಿ ಎಂದು ಕೂಗಿದವರನ್ನೂ ನೋಡಿದ್ದೇನೆ. ಎರಡು ದಿನ ಕಳೆದರೆ ಅವರೇ ನಗುತ್ತಿದ್ದರು. ಈಗ ಬರೆಯಹೊರಟಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೂ ನಗುತ್ತಿದ್ದೆ. ನೀವು ನಂಬಬೇಕೆಂದು ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಪಾಂಡವಪುರದ ಒಂದು ನರ್ಸಿಂಗ್ ಶಾಲೆಯಲ್ಲಿ ಪಾಠ ಮಾಡಿಕೊಂಡು, ಜೊತೆಗೆ ಎಂ.ಎಸ್ಸಿ. ಓದುತ್ತಿದ್ದೆ. ಓದು ಮುಗಿಯಬೇಕಾದರೆ ಒಂದು ಸಂಶೋಧನೆ ಮಾಡಿ ಒಪ್ಪಿಸಬೇಕು. ನಾನು ಆರಿಸಿಕೊಂಡದ್ದು ಆಪರೇಷನ್ ಆದ ಹೆಂಗಸರಿಗೆ ಪಾದ, ಮೀನಖಂಡ ಒತ್ತಿದರೆ ನೋವು ಎಷ್ಟು ಕಡಿಮೆಯಾಗುತ್ತದೆ ಎನ್ನುವ ವಿಷಯ. ನನ್ನ ಯಜಮಾನರು ಇದನ್ನು ಕೇಳಿ ಊಟದ ತಟ್ಟೆಯ ಮುಂದೆಯೇ ನಕ್ಕರು. "ನಮ್ಮವ್ವ ಜೀವಮಾನೆಲ್ಲ ನಮ್ಮಪ್ಪನ ಕಾಲು ಒತ್ತವ್ಳೆ ಕಣೆ, ಅವಳ್ಗೆ ಯಾವ ಯೂನಿವರ್ಸಿಟಿನೂ ಡಿಗ್ರಿ ಕೊಡ್ನಿಲ್ಲ" ಎಂದರು. ನಗಲಿ ಎಂದು ನಾನೂ ಬಿಟ್ಟೆ.

ಕೆ.ಆರ್. ಪೇಟೆಯ ಒಂದು ಸಣ್ಣ ಆಸ್ಪತ್ರೆಯವರು ಒಪ್ಪಿಗೆ ಕೊಟ್ಟಿದ್ದರು. ಆಪರೇಷನ್ನಿನ ಹಿಂದಿನ ದಿನ ಹೋಗಿ ರೋಗಿಗೆ ಎಲ್ಲ ವಿವರಿಸಿ, ಸಹಿ ಇಲ್ಲವೆ ಹೆಬ್ಬೆಟ್ಟು ಹಾಕಿಸಿಕೊಂಡು, ಒಂದು ಚೀಟಿ ಎತ್ತಿಸುತ್ತಿದ್ದೆ. ಒಂದು ಬಗೆಯ ಚೀಟಿ ಬಂದರೆ ಕಾಲು ಒತ್ತುವುದು, ಇನ್ನೊಂದು ಬಂದರೆ ಬರೀ ನೋವು ವಿಚಾರಿಸಿ ಬರೆದುಕೊಳ್ಳುವುದು. ಆ ನೋವನ್ನು ಅಳೆಯುವುದೇ ಒಂದು ಪಾಡಾಗಿತ್ತು. ಸೊನ್ನೆಯಿಂದ ಹತ್ತರೊಳಗೆ ನಿಮ್ಮ ನೋವು ಎಷ್ಟು ಎಂದು ಪುಸ್ತಕದಲ್ಲಿದ್ದ ಹಾಗೆ ಕೇಳಿದರೆ, ವಯಸ್ಸಾದವರು ನನಗೇ ಏನೋ ಆಗಿದೆ ಎನ್ನುವಂತೆ ನೋಡುತ್ತಿದ್ದರು. ಕೊನೆಗೆ ರೂಪಾಯಿಗೆ ಎಷ್ಟಾಣೆ ನೋವಿದೆ ಎಂದು ಕೇಳಲು ಶುರುಮಾಡಿದೆ. ತಕ್ಷಣ ಉತ್ತರ ಬರುತ್ತಿತ್ತು: "ಅನ್ನೆಲ್ಡಾಣೆ ಐತೆ ಕಣವ್ವ." ಅಂದರೆ ಹದಿನಾರಕ್ಕೆ ಹನ್ನೆರಡು; ಅದನ್ನು ನಾನು ಹತ್ತರ ಲೆಕ್ಕಕ್ಕೆ ತಿರುಗಿಸಿ ಬರೆದುಕೊಳ್ಳುತ್ತಿದ್ದೆ.

ಇಲ್ಲಿ ಒಂದು ತಪ್ಪು ಒಪ್ಪಿಕೊಳ್ಳಬೇಕು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಆ ಕಾಲನ್ನು ಒತ್ತಲೇಬಾರದು. ಒತ್ತಿದರೆ ಹೆಪ್ಪು ಕಳಚಿ, ರಕ್ತದಲ್ಲಿ ಹೋಗಿ ಶ್ವಾಸಕೋಶಕ್ಕೆ ಸಿಕ್ಕಿಕೊಂಡು, ನಿಂತ ನಿಲುವಿನಲ್ಲೇ ಪ್ರಾಣ ಹೋಗಬಹುದು. ಇದು ನಾನೇ ಮಕ್ಕಳಿಗೆ ಪಾಠ ಮಾಡುವ ವಿಷಯ. ನನ್ನ ಫಾರಂನಲ್ಲೂ ಕಾಲು ಪರೀಕ್ಷಿಸಿ ನೋಡಬೇಕು ಎಂದು ನಾನೇ ಬರೆದಿದ್ದೆ. ಆದರೆ ನಮ್ಮ ಕಡೆ ಹೆಂಗಸರು ಹತ್ತಾರು ಜನ ಓಡಾಡುವ ವಾರ್ಡಿನಲ್ಲಿ ಮೊಣಕಾಲಿನ ತನಕ ಸೀರೆ ಎತ್ತಿ ತೋರಿಸುತ್ತಾರೆಯೆ? ಅವರಿಗೂ ಸಂಕೋಚ, ನನಗೂ ಸಂಕೋಚ. "ಕಾಲು ಊತ ಗೀತ ಇದೆಯೇನಮ್ಮ?" ಎಂದು ಕೇಳುತ್ತಿದ್ದೆ, ಇಲ್ಲ ಎನ್ನುತ್ತಿದ್ದರು, ನಾನು ಗುರುತು ಹಾಕುತ್ತಿದ್ದೆ. ಒತ್ತುವುದನ್ನೂ ಹೊದಿಕೆಯ ಒಳಗೇ ಕೈಯಾಡಿಸಿ ಮುಗಿಸುತ್ತಿದ್ದೆ.

ಹೀಗಿರುವಾಗ ಸಿಂಧಘಟ್ಟದ ಚಿಕ್ಕತಾಯಮ್ಮ ಬಂದು ದಾಖಲಾದರು. ಐವತ್ತರ ಹತ್ತಿರದವರು, ಗರ್ಭಕೋಶದಲ್ಲಿ ದೊಡ್ಡ ಗಡ್ಡೆ. ರಕ್ತ ಹೋಗಿ ಹೋಗಿ ನಿತ್ರಾಣವಾಗಿ ಒಂದು ತಿಂಗಳಿಂದ ಮಲಗಿದ ಕಡೆಯೇ ಇದ್ದರು. ಜೊತೆಗೆ ಮಗಳು ಭಾಗ್ಯ. ಚೀಟಿ ಎತ್ತಿಸಿದೆ, ಕಾಲು ಒತ್ತುವ ಚೀಟಿ ಬಂತು. "ಓದಿರೋರ ಕೈಲಿ ಕಾಲು ಒತ್ತಿಸ್ಕಂಡ್ರೆ ಪಾಪ ಬರಾಕಿಲ್ವಾ?" ಎಂದು ಆಕೆ ನಾಚಿಕೊಂಡರು. ಕಾಲು ಊತವಿದೆಯೇ ಎಂದು ಕೇಳಿದೆ. "ಏನಿಲ್ಲ ಬುಡವ್ವ" ಎಂದರು. ಗುರುತು ಹಾಕಿದೆ. ಇವರ ನಂತರ ಇನ್ನೊಬ್ಬರು ಸಿಕ್ಕಿಬಿಟ್ಟರೆ ನನ್ನ ಕೆಲಸ ಮುಗಿಯುವುದರಲ್ಲಿತ್ತು.

ಮಾರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆಲ್ಲ ಆಪರೇಷನ್ ಮುಗಿದಿತ್ತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದಿಂದ ಕೆಳಕ್ಕೆ ಮರಗಟ್ಟಿಸಿ ಮಾಡಿದ್ದು. ಅದರ ಪ್ರಭಾವ ಇಳಿದ ಮೇಲೆ, ಮೂರು ಗಂಟೆಗೆ ನನ್ನ ಸರದಿ. ನಾನು ಬೆಳಗಿನ ಪಾಠ ಮುಗಿಸಿ ಹನ್ನೆರಡರ ಬಸ್ಸು ಹತ್ತಿದೆ. ಚಿನಕುರಳಿ ದಾಟಿದ ಮೇಲೆ ಕಬ್ಬಿನ ಟ್ರಾಕ್ಟರೊಂದು ರಸ್ತೆಗೆ ಅಡ್ಡ ಮಗುಚಿಕೊಂಡಿತ್ತು. ಬಸ್ಸು ಅಲ್ಲೇ ನಿಂತಿತು. ಒಂದು ಗಂಟೆಗೂ ಮೀರಿ ಬಿಸಿಲಲ್ಲಿ ಬೆಂದು, ಆಸ್ಪತ್ರೆ ಮುಟ್ಟಿದಾಗ ಮೂರಕ್ಕೆ ಹತ್ತು ನಿಮಿಷವಿತ್ತು. ಊಟವಿಲ್ಲ, ತಲೆ ಸಿಡಿಯುತ್ತಿತ್ತು. ಮೂಗಿನ ತುದಿಯಲ್ಲಿ ಕೋಪ.

ವಾರ್ಡಿನಲ್ಲಿ ಇಬ್ಬರೇ ರೋಗಿಗಳು. ಇನ್ನೊಬ್ಬಾಕೆ ಗೋಡೆಯ ಕಡೆ ತಿರುಗಿ ನಿದ್ದೆಯಲ್ಲಿದ್ದಳು. ಬ್ಯಾಗಿನಿಂದ ಎಣ್ಣೆಯ ಸೀಸೆ ತೆಗೆದು ಚಿಕ್ಕತಾಯಮ್ಮನ ಕಾಲ ಬಳಿ ಕೂತೆ. ಆಕೆ ಕಣ್ಣು ಬಿಟ್ಟು ನನ್ನನ್ನು ನೋಡಿ, "ಇದ್ಯಾಕವ್ವ ತಿರ್ಗಾ ಬಂದೆ? ಆಗ್ಲೇ ಒತ್ತಿ ಓದ್ಯಲ್ಲ" ಎಂದರು.

ನೋವಿನ ಇಂಜೆಕ್ಷನ್ನಿನ ಮಂಪರು ಎಂದುಕೊಂಡೆ. "ಇಲ್ಲಮ್ಮ, ನಾನು ಈಗ ತಾನೆ ಬರ್ತಾ ಇರೋದು" ಎಂದೆ.

"ನೀನೇ ಕಣವ್ವ. ಭಾಗ್ಯ ಉಣ್ಣಕೋಗಿದ್ಲಲ್ಲ, ಆಗ ಬಂದಿದ್ದೆ. ಬಲಗಾಲು ಒತ್ತಿದೆ. ಎಡಗಾಲು ಮುಟ್ಬಾರ್ದು, ಯಾರ್ಗೂ ಮುಟ್ಟುಸ್ಬ್ಯಾಡ ಅಂದ್ಬುಟ್ಟು ಎದ್ದೋದೆ."

ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಹೊರಗಡೆ ಮೇಜಿನ ಹತ್ತಿರ ಕೂತಿದ್ದ ಡ್ಯೂಟಿ ಸಿಸ್ಟರನ್ನು ಕರೆದು, ಯಾರಾದರೂ ಬಂದಿದ್ದರೇ ಎಂದು ಕೇಳಿದೆ. ಬಾಗಿಲಿಗೆ ಎದುರಾಗಿಯೇ ಕೂತಿದ್ದೇನೆ, ನಾನೊಮ್ಮೆ ಹೋಗಿ ನೋಡಿ ಬಂದದ್ದು, ಭಾಗ್ಯ ಹೋದದ್ದು, ಬಂದದ್ದು ಬಿಟ್ಟರೆ ಒಂದು ನರಪಿಳ್ಳೆಯೂ ಒಳಗೆ ಹೋಗಿಲ್ಲ ಎಂದಳು. ಸರಿಹೋಯಿತು ಎಂದುಕೊಂಡು ಹೊದಿಕೆಯ ತುದಿ ಸರಿಸಿ ಎಡಗಾಲಿಗೆ ಕೈ ಹಾಕಿದೆ. ಆಕೆ ಹೌಹಾರಿ ಕೂಗಿಬಿಟ್ಟರು. "ಮುಟ್ಬ್ಯಾಡ! ನಿನ್ ದಮ್ಮಯ್ಯ, ನೀನೇ ಬ್ಯಾಡ ಅಂದ್ಬುಟ್ಟು ಈಗ ನೀನೇ ಮುಟ್ಟೀಯಲ್ಲ!"

ಹೊಟ್ಟೆಯ ಮೇಲೆ ಹಸಿ ಹೊಲಿಗೆ. ಹಾಗೆ ಕೂಗಿದರೆ ಹೊಲಿಗೆಗೆ ತೊಂದರೆ. ಕೂಗು ಕೇಳಿ ಭಾಗ್ಯ ಗಾಬರಿಯಾಗಿ ಹೊರಗಿನಿಂದ ಓಡಿಬಂದು ತಾಯಿಯ ಭುಜ ಹಿಡಿದುಕೊಂಡು, "ಸುಮ್ಕಿರವ್ವ, ಮೇಡಮ್ಮವ್ರು ಒಳ್ಳೇದ್ಕೇ ಮಾಡ್ತಾವ್ರೆ" ಎಂದು ಸಮಾಧಾನ ಮಾಡುತ್ತಿದ್ದಳು. ನಾನು ಎದ್ದು ಹೋಗಬೇಕಿತ್ತು. ಒಲ್ಲೆ ಎಂದವರನ್ನು ಒತ್ತಾಯಿಸಬಾರದು ಎನ್ನುವುದು ಸಂಶೋಧನೆಯ ಮೊದಲ ಪಾಠ. ಆದರೆ ಬಿಸಿಲಲ್ಲಿ ಬೆಂದು ಬಂದಿದ್ದೆ, ಕೆಲಸ ಮುಗಿಯುವ ಆಸೆ ಇತ್ತು, ಎಲ್ಲಕ್ಕಿಂತ ಹೆಚ್ಚಾಗಿ ಇಂಥ ಮಾತಿಗೆ ಸೋಲಬಾರದು ಎನ್ನುವ ಹಟ ಬಂದುಬಿಟ್ಟಿತ್ತು. ಇವತ್ತು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. "ಎಡಗಾಲಿಗೆ ಏನಾಗಿದೆ ಅಂತ ನೀವೇ ನೋಡಿ. ಎರಡೂ ಕಾಲೂ ಒಂದೇ ಥರ ಇವೆ" ಎಂದು, ಆಕೆಗೂ ಮಗಳಿಗೂ ಕಾಣಲೆಂದು ಹೊದಿಕೆಯನ್ನು ಮೊಣಕಾಲಿನ ತನಕ ಎತ್ತಿದೆ.

ಎರಡೂ ಒಂದೇ ಥರ ಇರಲಿಲ್ಲ.

ಎಡಗಾಲಿನ ಮೀನಖಂಡ ಬಲಗಾಲಿನದಕ್ಕಿಂತ ದಪ್ಪವಾಗಿ, ಬಿಗಿದುಕೊಂಡಿತ್ತು. ಚರ್ಮ ಹೊಳೆಯುತ್ತಿತ್ತು. ಅಂಗೈಯ ಹಿಂಬದಿ ಸೋಕಿಸಿ ನೋಡಿದೆ. ಬಲಗಾಲು ತಣ್ಣಗಿತ್ತು, ಎಡಗಾಲು ಜ್ವರ ಬಂದವರ ಮೈಯ ಹಾಗೆ ಸುಡುತ್ತಿತ್ತು. ಹೊದಿಕೆಯನ್ನು ಮೆಲ್ಲಗೆ ಕೆಳಗಿಳಿಸಿ ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತೆ. ಬೆರಳುಗಳಿಗೆ ಆಗಲೇ ಎಣ್ಣೆ ಸವರಿಕೊಂಡಿದ್ದೆ. "ಅಮ್ಮನ ಕಾಲು ಅಲುಗಾಡಿಸಬೇಡ, ಯಾರೂ ಮುಟ್ಟೋದು ಬೇಡ" ಎಂದು ಭಾಗ್ಯಳಿಗೆ ಹೇಳಿ ಡಾಕ್ಟರ ಕೋಣೆಗೆ ಓಡಿದೆ.

ಡಾಕ್ಟರು ಬಂದು ಟೇಪು ಹಿಡಿದು ಎರಡೂ ಕಾಲನ್ನು ಅಳೆದರು. ಅವರು ಕೇಳಿದ ಮೊದಲ ಮಾತು, "ಒತ್ತಿದಿರಾ?" ನಾನು ಇಲ್ಲವೆಂದು ತಲೆಯಾಡಿಸಿದೆ. ಅವರು ಉಸಿರು ಬಿಟ್ಟು, ಆಂಬುಲೆನ್ಸ್ ಕರೆಸಲು ಹೇಳಿದರು. ಅರ್ಧ ಗಂಟೆಯೊಳಗೆ ಅದರಲ್ಲಿ ಮಲಗಿಸಿ ಮೈಸೂರಿಗೆ ಕಳಿಸಿದರು. ಭಾಗ್ಯಳ ಜೊತೆ ನಾನೂ ಹತ್ತಿದೆ. ದಾರಿಯುದ್ದಕ್ಕೂ ಆಕೆಯ ಉಸಿರನ್ನೇ ಎಣಿಸುತ್ತಿದ್ದೆ. ಪ್ರತಿ ಹಳ್ಳಕ್ಕೆ ಗಾಡಿ ಕುಕ್ಕಿದಾಗಲೂ ಎಣಿಕೆಯನ್ನು ಮೊದಲಿನಿಂದ ಶುರುಮಾಡುತ್ತಿದ್ದೆ. ಅಲ್ಲಿ ಸ್ಕ್ಯಾನ್ ಮಾಡಿದಾಗ ಮೀನಖಂಡದಿಂದ ತೊಡೆಯ ತನಕ ರಕ್ತ ಹೆಪ್ಪುಗಟ್ಟಿದ್ದು ಕಂಡಿತು. ಒಂದು ತಿಂಗಳು ಮಲಗಿಯೇ ಇದ್ದದ್ದರಿಂದ ಆಪರೇಷನ್ನಿಗೆ ಮೊದಲೇ ಶುರುವಾಗಿರಬೇಕು ಎಂದರು. ಚಿಕ್ಕತಾಯಮ್ಮ ಬದುಕಿಕೊಂಡರು. ಈಗ ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದಾರೆ.

ಆ ದಿನ ಆಂಬುಲೆನ್ಸಿನಲ್ಲಿ ಭಾಗ್ಯ ಒಂದು ಮಾತು ಹೇಳಿದಳು. ಅವಳು ಊಟ ಮುಗಿಸಿ ಬಂದಾಗ ತಾಯಿಯ ಬಲಗಾಲಿನ ಮೇಲಿನ ಹೊದಿಕೆ ಮಡಚಿತ್ತಂತೆ, ಪಾದಕ್ಕೆ ಎಣ್ಣೆ ಹಚ್ಚಿತ್ತಂತೆ. "ನೀವೇ ಬಂದೋಗಿದ್ದೀರಿ ಅನ್ಕಂಡೆ ಮೇಡಮ್ಮ. ಮೇಡಮ್ಮವ್ರು, ಬಸ್ಸು ದಾರೀಲಿ ನಿಂತ್ಬುಟ್ಟದೆ, ನಾನು ಓಗ್ಬೇಕು ಅಂತ ಏಳಿ ಓದ್ರು ಅಂತ ಅವ್ವ ಅಂದ್ಲು. ನಂಗೆ ಅದೇ ಅರ್ಥ ಆಗ್ನಿಲ್ಲ." ಇದನ್ನು ತಾಯಿ ಯಾವಾಗ ಹೇಳಿದ್ದು ಎಂದು ಕೇಳಿದೆ. ಒಂದೂವರೆ ಗಂಟೆಯ ಸುಮಾರಿಗೆ ಎಂದಳು. ಆಗ ನಾನಿದ್ದ ಬಸ್ಸು ಮಗುಚಿದ ಕಬ್ಬಿನ ಹಿಂದೆಯೇ ನಿಂತಿತ್ತು. ಯಾರಿಗೂ ಫೋನು ಮಾಡಿರಲಿಲ್ಲ.

ಕೆಲವು ದಿನ ಬಿಟ್ಟು ಡಾಕ್ಟರ ಹತ್ತಿರ ಎಲ್ಲ ಹೇಳಿದೆ. ಅವರು ನಗಲಿಲ್ಲ, ಅದು ಅವರ ದೊಡ್ಡತನ. ಕಾಲಿನ ನೋವು ಮನಸ್ಸಿಗೆ ಗೊತ್ತಾಗಿ, ಮಂಪರಿನಲ್ಲಿ ಹೀಗೆ ಕನಸಾಗಿರಬಹುದು ಎಂದರು. ನಾನೂ ಅದನ್ನೇ ಹಿಡಿದುಕೊಳ್ಳಲು ನೋಡಿದೆ. ಆದರೆ ಅವತ್ತಿನ ಚಾರ್ಟಿನಲ್ಲಿ ಡ್ಯೂಟಿ ಸಿಸ್ಟರು ಬರೆದದ್ದನ್ನು ನಾನೇ ನೋಡಿದ್ದೆ. ಒಂದೂಕಾಲು ಗಂಟೆಗೆ ರೋಗಿಗೆ ಎರಡೂ ಕಾಲಿನಲ್ಲಿ ಇನ್ನೂ ಸ್ಪರ್ಶ ತಿಳಿಯುತ್ತಿಲ್ಲ ಎಂದಿತ್ತು. ಸ್ಪರ್ಶವೇ ಇಲ್ಲದ ಕಾಲಿನ ನೋವು ತಿಳಿದದ್ದು ಹೇಗೆ? ಹೋಗಲಿ, ಎಣ್ಣೆ ಹಚ್ಚಿದವರು ಯಾರು? ಡಾಕ್ಟರು ಕನ್ನಡಕ ಒರೆಸಿಕೊಂಡು, "ನೋಡಿ, ಹೆಂಗೋ ಒಂದು ಜೀವ ಉಳೀತಲ್ಲ" ಎಂದು ಮಾತು ಮುಗಿಸಿದರು.

ನನ್ನ ಸಂಶೋಧನೆಯಲ್ಲಿ ಚಿಕ್ಕತಾಯಮ್ಮನ ಬಗ್ಗೆ ಒಂದೇ ಸಾಲಿದೆ: ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದ ಕಾರಣ ಈ ರೋಗಿಯನ್ನು ಕೈಬಿಡಲಾಗಿದೆ. ಹೇಗೆ ಪತ್ತೆ ಮಾಡಿದಿರಿ ಎಂದು ಪರೀಕ್ಷೆಯ ದಿನ ಪರೀಕ್ಷಕರು ಕೇಳಿದರು. ಒತ್ತುವ ಮೊದಲು ಕಾಲು ಪರೀಕ್ಷಿಸಿದೆ ಎಂದೆ. ಚೆನ್ನಾಗಿ ಕೆಲಸ ಮಾಡಿದ್ದೀರಿ ಎಂದು ಹೊಗಳಿದರು. ಅವತ್ತು ತಗ್ಗಿಸಿದ ತಲೆ ಆ ವಿಷಯದಲ್ಲಿ ಇನ್ನೂ ಎತ್ತಲಾಗಿಲ್ಲ. ಚಿಕ್ಕತಾಯಮ್ಮನಿಗಿಂತ ಮೊದಲು ಎಷ್ಟು ಹೆಂಗಸರ ಕಾಲನ್ನು ನೋಡದೆಯೇ ಒತ್ತಿದ್ದೆ! ಯಾರಿಗೂ ಏನೂ ಆಗಲಿಲ್ಲ ಎನ್ನುವುದು ನನ್ನ ಪುಣ್ಯವೇ ಹೊರತು ಜಾಣತನವಲ್ಲ.

ಯಾರಿಗೂ ಹೇಳದ ಒಂದು ವಿಷಯ ಉಳಿದಿದೆ. ಬಸ್ಸು ನಿಂತಿದ್ದಾಗ ನಾನು ಕಿಟಕಿಗೆ ತಲೆಯೊರಗಿಸಿ ನಿದ್ದೆ ಹೋಗಿದ್ದೆ. ಎಷ್ಟು ಹೊತ್ತೋ ತಿಳಿಯದು. ಪಕ್ಕದಲ್ಲಿದ್ದ ಹೆಂಗಸು ಅಲುಗಾಡಿಸಿ ಎಬ್ಬಿಸಿ, "ಏನವ್ವ, ಕರುದ್ರೂ ಏಳ್ನಿಲ್ಲ, ಮೈ ಇಂಗೆ ತಣ್ಣಗಾಗ್ಬುಟ್ಟದೆ" ಎಂದಿದ್ದಳು. ಹಸಿವಿಗೆ ಹಾಗಾಗಿದೆ ಎಂದುಕೊಂಡು ಮರೆತುಬಿಟ್ಟಿದ್ದೆ. ಕನಸೇನಾದರೂ ಬಿದ್ದಿತ್ತೇ ಎಂದು ಎಷ್ಟು ಸಲ ನೆನಪಿಸಿಕೊಳ್ಳಲು ನೋಡಿದ್ದೇನೆ. ಏನೂ ನೆನಪಾಗುವುದಿಲ್ಲ.

ದೆವ್ವ, ದೇವರು, ಶಕುನ ಯಾವುದನ್ನೂ ನಾನು ಈಗಲೂ ನಂಬುವುದಿಲ್ಲ. ಆದರೆ ಇವತ್ತಿಗೂ ಯಾವ ರೋಗಿಯ ಕಾಲ ಬಳಿ ಕೂತರೂ ಮೊದಲು ಪರದೆ ಎಳೆದು, ಹೊದಿಕೆ ಎತ್ತಿ ಎರಡೂ ಕಾಲನ್ನು ನೋಡುತ್ತೇನೆ, ಮುಟ್ಟಿ ಶಾಖ ನೋಡುತ್ತೇನೆ, ಅಳೆಯುತ್ತೇನೆ. ಇಷ್ಟನ್ನು ನನ್ನ ವಿದ್ಯಾರ್ಥಿನಿಯರಿಗೂ ಕಲಿಸಿದ್ದೇನೆ. ಇದೆಲ್ಲ ಮುಗಿದ ಮೇಲೆ ಅವರಿಗೆ ಕಲಿಸದ ಒಂದು ಪ್ರಶ್ನೆಯನ್ನು ಮೆಲ್ಲಗೆ, ಬೇರೆಯವರಿಗೆ ಕೇಳಿಸದ ಹಾಗೆ, ರೋಗಿಯ ಹತ್ತಿರ ಕೇಳುತ್ತೇನೆ: "ನಾನು ಇದಕ್ಕೆ ಮುಂಚೆ ಬಂದಿದ್ನಾ ಅಮ್ಮ?" ಹುಚ್ಚಿ ಎಂದುಕೊಳ್ಳಬಹುದು, ಅಂದುಕೊಳ್ಳಲಿ. ಅವರು ಇಲ್ಲವೆನ್ನುವ ತನಕ ನನ್ನ ಕೈ ಮುಂದೆ ಹೋಗುವುದಿಲ್ಲ.