ತೊಳೆದ ಒಳಲೆ

ವಾಂತಿ, ಭೇದಿ, ಕೀವು, ಯಾವುದಕ್ಕೂ ಯಶೋಧರಾ ಮೂಗು ಮುಚ್ಚಿದವಳಲ್ಲ. ಬಳ್ಳಾರಿಯ ಮಕ್ಕಳ ಆಸ್ಪತ್ರೆಯೊಂದರ ನರ್ಸಿಗೆ ಎಳೆಗೂಸಿನ ಹೇಲು ಎಲ್ಲಿಯ ಹೇಸಿಗೆ! ಕುರುಗೋಡಿನ ಗಂಡನ ಮನೆಯಿಂದ ಬೆಳಗಿನ ಬಸ್ಸಿಗೆ ಬಂದು, ಮೈಮೇಲೆಲ್ಲ ಕಕ್ಕಿಸಿಕೊಂಡು, ಕೈ ತೊಳೆದು ನೆಮ್ಮದಿಯಾಗಿ ರೊಟ್ಟಿ ತಿನ್ನುವವಳು. ಅವಳಿಗೆ ಹೊಟ್ಟೆ ತೊಳಸುತ್ತಿದ್ದುದು ಒಂದೇ ಪ್ರಶ್ನೆಗೆ: ನೀವು ಯಾವ ಮಂದಿ?

ದೇಶನೂರಿನ ವಿರೂಪಮ್ಮ ಅದನ್ನೂ ನೇರ ಕೇಳಲಿಲ್ಲ, ಮಹಾತಾಯಿ. ದಿನ ತುಂಬದೆ ಹುಟ್ಟಿದ ಅವಳ ಮೊಮ್ಮಗ ಗಾಜಿನ ಪೆಟ್ಟಿಗೆಯಿಂದ ಆಗಷ್ಟೇ ಹೊರಬಂದಿದ್ದ. ಮೊಲೆ ಚೀಪಲು ಶಕ್ತಿಯಿಲ್ಲ. ಸೊಸೆ ದುರ್ಗಾದೇವಿ ಹಾಲು ಹಿಂಡಿ ಕೊಡುತ್ತಿದ್ದಳು. ಯಶೋಧರಾ ನೀರಲ್ಲಿ ಕುದಿಸಿಟ್ಟ ಪುಟ್ಟ ಬಟ್ಟಲಿನಂಥ ಒಳಲೆಯ ಮೂತಿಯಿಂದ ತೊಟ್ಟು ತೊಟ್ಟಾಗಿ ಕುಡಿಸುತ್ತಿದ್ದಳು. "ಕುಡಿಯಲೇ ಪೈಲ್ವಾನಾ" ಎಂದರೆ ಕೂಸು ನಾಲಗೆ ಚಪ್ಪರಿಸುತ್ತಿತ್ತು.

"ನಿಮ್ದು ಯಾವೂರ್ರಿ ಸಿಸ್ಟರಮ್ಮಾ?"

"ಕರೂರು ರೀ. ಜೋಗಮ್ಮನ ಮಗಳು."

"ಯಾವ ಜೋಗಮ್ಮ? ನಮ್ಮ ಗದ್ದಿಗೆ ನಾಟಿ ಹಚ್ಚಾಕ ಬರ್ತಿದ್ಲಲ್ಲ, ಆಕಿ?"

"ಹೌದ್ರಿ, ಆಕಿನೇ."

ಮುದುಕಿ ಮುಖ ಸಿಂಡರಿಸಿದಳು. "ನೀ ಬಿಡು, ಇನ್ನ ಮ್ಯಾಲೆ ನಾನ ಕುಡಸ್ತೀನಿ." ಈ ಮುಖ ಯಶೋಧರಾಳಿಗೆ ಹೊಸದಲ್ಲ. ಸಿರುಗುಪ್ಪದಲ್ಲಿ ಓದುವಾಗ ಗೆಳತಿಯ ತಾಯಿ ಅವಳು ಚಹಾ ಕುಡಿದ ಲೋಟವನ್ನು ಇದೇ ಮುಖ ಮಾಡಿಕೊಂಡು ತಿಪ್ಪೆಗೆ ಎಸೆದಿದ್ದಳು. ಥೂ, ಎಂದುಕೊಂಡು, ಕುಡಿಸುವ ಬಗೆ ತೋರಿಸಿಕೊಟ್ಟು, ಹೊತ್ತು ಹೊತ್ತಿಗೆ ಒಳಲೆ ಕುದಿಸಿ ಕೊಡತೊಡಗಿದಳು.

ಕೆಲವೇ ದಿನಕ್ಕೆ ಕೂಸಿಗೆ ಭೇದಿ ಹತ್ತಿತು. ಹೊಟ್ಟೆ ಉಬ್ಬಿ, ಕಣ್ಣು ಗುಳಿಬಿದ್ದು, ಮತ್ತೆ ಪೆಟ್ಟಿಗೆ ಸೇರಿತು. ಈ ಸಲ ಉಳಿಯುವುದು ಕಷ್ಟ ಎಂದರು ಡಾಕ್ಟರು. ಯಶೋಧರಾ ಕೈಗವಸು ತೊಟ್ಟು, ಸಲೈನಿಗೆ ನರ ಹುಡುಕುತ್ತಿದ್ದಾಗ ದುರ್ಗಾದೇವಿ ಬಿಕ್ಕಿದಳು.

"ನೀವು ಮುಟ್ಟೀರಂತ ಅತ್ತಿ ದಿನಾ ಒಳಲೆನ್ನ ಸಂಡಾಸದ ನಳದಾಗ ತೊಳದು ಕುಡಸ್ತಿದ್ರು ರೀ, ಸಿಸ್ಟರ್."

ಯಶೋಧರಾಳಿಗೆ ಮೈಯೆಲ್ಲ ಉರಿದುಹೋಯಿತು. ಎಂಥಾ ಹೊಲಸು ಜನ! ಕುದಿಸಿಕೊಟ್ಟದ್ದು ಮೈಲಿಗೆ, ಸಂಡಾಸದ ನೀರು ಮಡಿ! ಅಷ್ಟರಲ್ಲಿ ವಿರೂಪಮ್ಮ "ಉಳಸವ್ವಾ ಯಶೋಧರಮ್ಮಾ, ನೀನ ನಮ್ಮ ದೇವ್ರು" ಎನ್ನುತ್ತ ತೋಳು ಹಿಡಿಯಲು ಬಂದಳು.

"ದೂರ ನಿಂದರ್ರಿ! ಕೈ ತೊಳಕೊಂಡೀನಿ ನಾನು. ಮುಟ್ಟಬ್ಯಾಡ್ರಿ."

ಮುದುಕಿ ಗೋಡೆಗೆ ಅಂಟಿಕೊಂಡಳು. ಕೂದಲೆಳೆಯಂಥ ನರ ಕೊನೆಗೂ ನೆತ್ತಿಯ ಪಕ್ಕ ಸಿಕ್ಕಿತು.

ಕೂಸು ಉಳಿಯಿತು, ಗಟ್ಟಿಪಿಂಡ. ಮನೆಗೆ ಹೊರಡುವ ದಿನ ವಿರೂಪಮ್ಮ ಬ್ರೂಸ್‌ಪೇಟೆಯಿಂದ ಪೇಡೆ ತರಿಸಿದಳು. ಡಾಕ್ಟರ ಕೈಯಲ್ಲಿ ಇಟ್ಟಳು. ಯಶೋಧರಾಳ ಸರದಿ ಬಂದಾಗ ಗೇಣೆತ್ತರದಿಂದ, ಬೆರಳು ತಗಲದಂತೆ, ಅಂಗೈಗೆ ಬೀಳಿಸಿದಳು.

ಯಾವ ಹೊಲಸಿಗೂ ಹೇಸದ ಯಶೋಧರಾಳಿಗೆ ವಾಕರಿಕೆ ಬಂತು. ಮುದುಕಿ ನೋಡುತ್ತಿದ್ದಂತೆಯೇ ಪೇಡೆಯನ್ನು ಹೇಲುಬಟ್ಟೆಯ ಬುಟ್ಟಿಗೆ ಹಾಕಿದಳು. ಮೊಣಕೈವರೆಗೂ ಸಾಬೂನು ಹಚ್ಚಿ, ತಿಕ್ಕಿ ತಿಕ್ಕಿ ಕೈ ತೊಳೆದುಕೊಂಡಳು. ಆಮೇಲೆ "ಬಾರಲೇ ಪೈಲ್ವಾನಾ" ಎಂದು ದುರ್ಗಾದೇವಿಯ ಮಡಿಲಿನಿಂದ ಕೂಸನ್ನು ಎತ್ತಿಕೊಂಡಳು.