ನಿನ್ನ ಎಡಗಾಲಿನ ಅಳತೆ

ನಿನ್ನ ಎಡಗಾಲಿನ ಅಳತೆಯನ್ನು ನಾನು ಸುಳ್ಳು ಹೇಳಿದೆ, ಲೀಲಾ. ಬಲಗಾಲಿಗಿಂತ ಅದು ಐದು ಸೆಂಟಿಮೀಟರ್ ಗಿಡ್ಡ ಇತ್ತು. ನಾನು ಮೂರೂವರೆ ಎಂದೆ. ಕಣ್ಣು ಮಂಜಾಗಿರಲಿಲ್ಲ, ಕೈ ತಪ್ಪಿರಲಿಲ್ಲ. ಇಪ್ಪತ್ತು ವರ್ಷ ನೇಸರಗಿಯ ಹೆಣ್ಣುಮಕ್ಕಳ ಬಟ್ಟೆ ಹೊಲಿದವಳು ನಾನು, ಟೇಪು ಓದುವುದರಲ್ಲಿ ಎಂದೂ ತಪ್ಪಿದವಳಲ್ಲ. ಟೇಪು ನೋಡಿಯೇ, ತಿಳಿದೇ ಹೇಳಿದೆ. ನಿನ್ನ ತಾಯಿಯಾಗಿ ಹೇಳಿದೆ — ಅದಕ್ಕೇ ನೀನು ನಂಬಿದೆ.

ನೀನು ಎಂಟು ವರ್ಷದವಳಿದ್ದಾಗ ಕಬ್ಬಿನ ಟ್ರೇಲರಿನಿಂದ ಬಿದ್ದೆ. ಮೊಣಕಾಲಿನ ಹತ್ತಿರ ಮುರಿದ ಎಲುಬು ಕೂಡಿತು, ಆದರೆ ಆ ಕಾಲು ಇನ್ನೊಂದರ ಸಮಕ್ಕೆ ಬೆಳೆಯಲಿಲ್ಲ. ನೀನು ಎಂಟನೆಯ ಇಯತ್ತೆಯಲ್ಲಿದ್ದಾಗ ಬೆಳಗಾವಿಯ ಡಾಕ್ಟರು ನನ್ನನ್ನು ಬಿಟ್ಟು ನಿನ್ನ ಮುಖ ನೋಡಿ ಎಲ್ಲವನ್ನೂ ಹೇಳಿದರು. ಎಲುಬು ಕತ್ತರಿಸಿ, ಕಾಲಿನ ಸುತ್ತ ಉಕ್ಕಿನ ಬಳೆ ಕೂಡಿಸುವುದು. ಮನೆಯವರು ದಿನಕ್ಕೆ ನಾಲ್ಕು ಸಲ ಆ ಬಳೆಯ ನಟ್ಟು ತಿರುಗಿಸಿದರೆ ಕಾಲು ಒಂದು ಮಿಲಿಮೀಟರ್ ಉದ್ದವಾಗುತ್ತದೆ. ತಿಂಗಳುಗಟ್ಟಲೆ ಹೀಗೆ. ನೋವು ಇದ್ದೇ ಇರುತ್ತದೆ. ಎರಡು ಕಾಲುಗಳ ವ್ಯತ್ಯಾಸ ನಾಲ್ಕು ಸೆಂಟಿಮೀಟರಿನ ಒಳಗೇ ನಿಂತರೆ ಬೂಟಿನ ಅಟ್ಟೆ ಎತ್ತರಿಸಿಕೊಂಡು ನಡೆಯಬಹುದು, ದಾಟಿದರೆ ಶಸ್ತ್ರಕ್ರಿಯೆಯ ಬಗ್ಗೆ ಯೋಚಿಸಬೇಕು. ಅಂದು ಮೂರಿತ್ತು. ಎರಡು ವರ್ಷ ಮನೆಯಲ್ಲಿ ಅಳೆಯುತ್ತಿರಿ, ಆಮೇಲೆ ಬನ್ನಿ ಎಂದು ಅಳೆಯುವ ರೀತಿಯನ್ನೂ ನನಗೆ ಕಲಿಸಿದರು.

ಮರಳಿ ಬರುವಾಗ ಬಸ್ಸಿನಲ್ಲಿ ನೀನು ಕಿಟಕಿಯ ಕಡೆ ಮುಖ ಮಾಡಿ ಹೇಳಿದ್ದು ನೆನಪಿದೆಯೇ?

“ನಾಕು ದಾಟಿದ್ರ ಮಾಡಿಸ್ಕೊತೇನಿ ಯವ್ವಾ. ದಾಟಲಿಲ್ಲಂದ್ರ ಬೂಟ್ ಹಾಕ್ಕೊಂಡ ಅಡ್ಡಾಡತೇನಿ. ಆಮ್ಯಾಲ ಯಾರೂ ನನಗ ಹಿಂಗ ಮಾಡು ಹಂಗ ಮಾಡು ಅನಬಾರದು.”

ನಿಮ್ಮಪ್ಪನೂ ಅದನ್ನೇ ಅಂದರು — “ಆಕಿ ಕಾಲು, ಆಕೀನ ಹೇಳ್ಲಿ.”

ಮೂರು ತಿಂಗಳಿಗೊಮ್ಮೆ ಅಳೆಯುತ್ತಿದ್ದೆವು. ನಿನ್ನ ಸೊಂಟಕ್ಕೊಂದು ದಾರ ಕಟ್ಟಿ, ಎಡಗಾಲಿನ ಕೆಳಗೆ ಹಳೆಯ ನೋಟ್‌ಬುಕ್ಕುಗಳನ್ನು ಒಂದೊಂದಾಗಿ ಇಡುತ್ತ ಹೋಗುವುದು. ದಾರ ಸಮ ಆದಾಗ ಆ ನೋಟ್‌ಬುಕ್ಕುಗಳ ಎತ್ತರ ಅಳೆಯುವುದು. ನೀನು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದೆ. “ಕೆಳಗ ನೋಡಬ್ಯಾಡ, ಸೊಂಟ ಸೊಟ್ಟ ಆಗತೈತಿ” ಎನ್ನುತ್ತಿದ್ದೆ ನಾನು. ಅದು ನಿಜವೇ, ಬಗ್ಗಿದರೆ ಅಳತೆ ಕೆಡುತ್ತದೆ. ಆದರೆ ಕೆಳಗೆ ನೋಡುತ್ತಿದ್ದವಳು ನಾನೊಬ್ಬಳೇ. ಮೂರು ದಾಟಿತು, ಮೂರೂವರೆ ಆಯಿತು — ಅಲ್ಲಿಂದ ಮುಂದಿನದನ್ನು ನಾನು ನಿನಗೆ ಹೇಳಲೇ ಇಲ್ಲ. ಹತ್ತನೆಯ ಇಯತ್ತೆಯ ರಜೆಯಲ್ಲಿ ಕೊನೆಯ ಸಲ ಅಳೆದಾಗ ನೀನು ಕೇಳಿದೆ:

“ಎಷ್ಟ ಬಂತು?”

“ಮೂರೂವರಿ. ಅಲ್ಲೇ ನಿಂತೈತಿ.”

ನೀನು ಉದ್ದಕ್ಕೆ ಉಸಿರು ಬಿಟ್ಟೆ. ಸಮಾಧಾನದ್ದೋ, ನಿರಾಸೆಯದೋ — ಗೋಡೆಯ ಕಡೆ ಇದ್ದ ಮುಖ ನನಗೆ ಕಾಣಲಿಲ್ಲ. “ಹಂಗಾರ ಬ್ಯಾಡ ಬಿಡು” ಎಂದೆ ನೀನು. ಮರುದಿನವೇ ನಾನು ಆಸ್ಪತ್ರೆಗೆ ಫೋನು ಮಾಡಿ, “ಹುಡುಗಿ ಬ್ಯಾಡ ಅಂತಾಳ್ರಿ” ಎಂದು ತಿಳಿಸಿದೆ.

ಯಾಕೆ? ಎಂಟು ವರ್ಷದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ, ಮಷಿನಿನ ಮುಂದೆ ಕುಳಿತರೂ ಅದೇ, ರೊಟ್ಟಿ ಬಡಿಯುವಾಗಲೂ ಅದೇ. ಬೆಳಗಾವಿಯ ವಾರ್ಡಿನಲ್ಲಿ ನಿನ್ನ ವಯಸ್ಸಿನದೇ ಹುಡುಗಿಯೊಬ್ಬಳ ಕಾಲಿನ ನಟ್ಟನ್ನು ಅವಳ ತಾಯಿ ತಿರುಗಿಸುವುದನ್ನು ಕಂಡಿದ್ದೆ. ಹುಡುಗಿ ತಾಯಿಯ ಸೆರಗು ಕಚ್ಚಿಕೊಂಡಿದ್ದಳು. ನನ್ನ ಕೈಯಿಂದ ಅದು ಆಗುವುದಿಲ್ಲ ಎಂದು ಹೆದರಿದೆ. ನಿನಗೆ ನೋವಾಗುತ್ತದೆ ಎಂದು ಹೆದರಿದೆನೆಂದರೆ ಅರ್ಧ ಸುಳ್ಳಾದೀತು — ಆ ನೋವು ನನ್ನ ಕೈಯಿಂದ ಆಗುತ್ತದಲ್ಲ, ಅದಕ್ಕೆ ಹೆದರಿದೆ. ಜೊತೆಗೆ ಒಂದು ಜಂಬವೂ ಇತ್ತು. ನಾನು ಹೊಲಿದ ಸಲ್ವಾರಿನಲ್ಲಿ ನಿನ್ನ ಕಾಲು ಗಿಡ್ಡ ಎಂದು ಊರಿನಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಟ್ಟೆಯಲ್ಲಿ ಮುಚ್ಚಿದರೆ ಮುಗಿಯಿತು ಎಂದುಕೊಂಡೆ. ಮುಚ್ಚಿದ್ದು ನೋಡುವವರ ಕಣ್ಣಿಗಷ್ಟೇ, ನಡೆಯುತ್ತಿದ್ದವಳು ನೀನು.

ಸಲ್ವಾರನ್ನು ಮಾತ್ರ ನಿಜದ ಅಳತೆಗೇ ಕತ್ತರಿಸುತ್ತಿದ್ದೆ, ಇಲ್ಲದಿದ್ದರೆ ಎಡಗಾಲಿನದು ನೆಲಕ್ಕೆ ಎಳೆಯುತ್ತಿತ್ತು. ಬೂಟಿಗೆ ಹಾಗೆ ಮಾಡಲಾಗಲಿಲ್ಲ. ಬೈಲಹೊಂಗಲದ ಬೂಟಿನ ಅಂಗಡಿಯಲ್ಲಿ ನೀನೂ ಪಕ್ಕದಲ್ಲೇ ನಿಂತಿದ್ದೆ. ಅಟ್ಟೆಗೆ ಮೂರೂವರೆ ಎಂದೇ ಹೇಳಬೇಕಾಯಿತು. ನಿನಗೆ ಹೇಳಿದ ಸುಳ್ಳಿನ ಮೇಲೆ ನಿನ್ನನ್ನು ಎಂಟು ವರ್ಷ ನಡೆಸಿದೆ. ಈಗ ನೀನು ಅದೇ ಬೈಲಹೊಂಗಲದ ಶಾಲೆಯಲ್ಲಿ ದಿನವಿಡೀ ನಿಂತು ಪಾಠ ಹೇಳುತ್ತೀ, ಸಂಜೆ ಬಂದು ನೆಲದ ಮೇಲೆ ಅಂಗಾತ ಮಲಗಿ ಸೊಂಟದ ಕೆಳಗೆ ದಿಂಬು ತುರುಕಿಕೊಳ್ಳುತ್ತೀ. ಪ್ರತಿ ಸಂಜೆ ನೋಡುತ್ತೇನೆ.

ಹೋದ ಸೋಮವಾರ ನಿನ್ನ ಸೊಂಟದ ನೋವು ತೋರಿಸಲು ಹೋದಾಗ ಧಾರವಾಡದ ಡಾಕ್ಟರು ಎಕ್ಸ್‌ರೇ ಹಿಡಿದು ಕೇಳಿದರಲ್ಲ — “ಮೂರೂವರೆ ಅಂತ ಯಾರು ಹೇಳ್ಯಾರ್ರಿ? ಇದು ಐದು ಅದ. ಬೆಳ್ಯೂದು ನಿಂತಾಗಿಂದ ಇಷ್ಟ ಇರಬೇಕು.” ಶಸ್ತ್ರಕ್ರಿಯೆ ಈಗಲೂ ಸಾಧ್ಯ, ಆದರೆ ಹದಿನೈದರ ಎಲುಬು ಕೂಡಿದಷ್ಟು ಬೇಗ ಇಪ್ಪತ್ತಮೂರರ ಎಲುಬು ಕೂಡುವುದಿಲ್ಲ ಎಂದರು. ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಬಸ್ಸಿನಲ್ಲಿ ನೀನೇ ನನ್ನ ಕೈ ಹಿಡಿದು ಸಮಾಧಾನ ಹೇಳಿದೆ:

“ನಿಂದೇನ ತಪ್ಪಿಲ್ಲ ಬಿಡವ್ವಾ. ಅಳಿಯೋ ಮುಂದ ನಾನ ಅಲ್ಲಾಡಿರಬೇಕು.”

ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನೀನು ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಗಿರಾಕಿಗಳ ಅಳತೆ ಬರೆಯುವ ನನ್ನ ಹಳೆಯ ವಹಿಯನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಅದರ ಕೊನೆಯ ಹಾಳೆಗಳಲ್ಲಿ ನಿನ್ನ ಹೆಸರಿದೆ. ಸಲ್ವಾರು ಕತ್ತರಿಸಲು ಬೇಕಿತ್ತು, ಅದಕ್ಕೇ ಅಲ್ಲಿ ನಿಜ ಬರೆದಿದ್ದೇನೆ: ಮೂರು, ಮೂರೂವರೆ, ನಾಲ್ಕು, ನಾಲ್ಕೂವರೆ, ಐದು. ಮುಂದಿನದನ್ನು ನೀನೇ ತೀರ್ಮಾನಿಸು, ಈ ಸಲ ನಿಜ ನಿನ್ನ ಕೈಯಲ್ಲಿದೆ. ಮಾಡಿಸಿಕೊಳ್ಳುತ್ತೇನೆಂದರೆ ನಟ್ಟು ನಾನು ತಿರುಗಿಸುತ್ತೇನೆ. ನನ್ನ ಕೈ ಬೇಡವೆಂದರೆ ಅದನ್ನೂ ಕೇಳುತ್ತೇನೆ. ಕ್ಷಮಿಸು ಎನ್ನುವುದಿಲ್ಲ. ಒಂದನ್ನು ಮಾತ್ರ ನಂಬು — ನೀನು ಅಂದು ಗೋಡೆಗೆ ಮುಖ ಮಾಡಿ ನಾನು ಹೇಳಿದಂತೆಯೇ ನಿಂತಿದ್ದೆ. ನೀನು ಅಲ್ಲಾಡಿರಲಿಲ್ಲ, ಲೀಲಾ.